ಡ್ರೈವರಮ್ಮನ ಮರಿಗಡ್ಡೆಗಳು

ಆಸ್ಪತ್ರೆಯ ಮೂರನೇ ಮಹಡಿಯ ಲ್ಯಾಬಿನಲ್ಲಿ ಅವಳಿಗೆ ಸಾಕುತಾಯಿ ಅಂತ ಹೆಸರು ಬಿದ್ದು ಮೂರು ವರ್ಷವಾಗಿತ್ತು. ಮೊದಲು ಕರೆದವರು ಯಾರು ಅಂತ ಯಾರಿಗೂ ನೆನಪಿಲ್ಲ, ಆದರೆ ಹೆಸರು ಸರಿಯಾಗೇ ಕೂತಿತ್ತು. ರೋಗಿಯ ಸ್ತನದಿಂದ ತೆಗೆದ ಗಡ್ಡೆಯ ಚೂರನ್ನು ಸಣ್ಣಗೆ ಹೆಚ್ಚಿ, ಜೀವಕೋಶಗಳನ್ನು ಬಿಡಿಸಿ, ತಣ್ಣಗಿನ ಜೆಲ್ಲಿನಲ್ಲಿ ಬೆರೆಸಿ, ತಟ್ಟೆಯ ಗುಳಿಗಳಲ್ಲಿ ತೊಟ್ಟು ತೊಟ್ಟಾಗಿ ಬಿಡುವುದು ಅವಳ ಕೆಲಸ. ಆಮೇಲೆ ಆ ತಟ್ಟೆಯನ್ನು ಮೈಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು, ಮೂರು ದಿನಕ್ಕೊಮ್ಮೆ ಹೊಸ ಆಹಾರದ ನೀರು ಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು. ಅದೃಷ್ಟ ಚೆನ್ನಾಗಿದ್ದರೆ ಎರಡು ಮೂರು ವಾರದಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಸಾಸಿವೆಗಿಂತ ಸಣ್ಣ ಉಂಡೆಗಳಾಗುತ್ತವೆ. ಪುಸ್ತಕದಲ್ಲಿ ಅದರ ಹೆಸರು ಆರ್ಗನಾಯ್ಡ್. ಲ್ಯಾಬಿನವರ ಬಾಯಲ್ಲಿ ಮರಿಗಡ್ಡೆ.

ಮೈಯಲ್ಲಿರುವ ಗಡ್ಡೆಯ ಗುಣವೇ ಮರಿಗಡ್ಡೆಗೂ ಬರುತ್ತದೆ. ಹಾಗಾಗಿ ಔಷಧವನ್ನು ಮೊದಲು ಮರಿಗಡ್ಡೆಯ ಮೇಲೆ ಹಾಕಿ ನೋಡಿದರೆ, ಯಾವುದಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಅಂತ ತಿಳಿಯಬಹುದು. ತಿಳಿದರೆ ಆ ಹೆಂಗಸಿಗೆ ಕೆಲಸಕ್ಕೆ ಬಾರದ ವಿಷ ಏರಿಸುವುದು ತಪ್ಪಬಹುದು. ಇಡೀ ಯೋಜನೆ ನಿಂತಿದ್ದು ಈ 'ಬಹುದು' ಅನ್ನುವ ಮಾತಿನ ಮೇಲೆ.

ಮೂರು ವರ್ಷದಲ್ಲಿ ನೂರಾರು ಚೂರುಗಳು ಬಂದಿದ್ದವು. ಬದುಕಿದ್ದು ಅರ್ಧಕ್ಕಿಂತ ಕಡಿಮೆ. ಕೆಲವಕ್ಕೆ ಬೂಷ್ಟು ಹಿಡಿಯಿತು. ಕೆಲವು ಬರುವಾಗಲೇ ಸತ್ತಿದ್ದವು. ಇನ್ನು ಕೆಲವು ಚೆನ್ನಾಗಿ ಬೆಳೆದವು, ನೋಡಿದರೆ ಬೆಳೆದದ್ದು ರೋಗದ ಕೋಶವಲ್ಲ, ಅದರ ಪಕ್ಕದಲ್ಲಿದ್ದ ಒಳ್ಳೆಯ ಕೋಶ. ಸಂಜೆ ಮನೆಗೆ ಹೋದರೆ ಅತ್ತೆ ಕನ್ನಡಕದ ಮೇಲಿಂದ ನೋಡಿ, "ಇವತ್ತು ಏನಾದ್ರೂ ಬದುಕಿತಾ?" ಅನ್ನುತ್ತಿದ್ದರು. ಇಲ್ಲ ಅಂತ ತಲೆಯಾಡಿಸಿದರೆ, "ಹಾಗಾದ್ರೆ ಮೊದಲು ಟೀ ಕುಡಿ, ಆಮೇಲೆ ಬೈಕೊಳ್ಳುವಂತೆ," ಅಂತ ಲೋಟ ಮುಂದಿಡುತ್ತಿದ್ದರು.

ಸಿಟಿ ಬಸ್ ಓಡಿಸುವ ಡ್ರೈವರಮ್ಮನ ಚೂರು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಬಾಟ್ಲಿಯ ಮುಚ್ಚಳ ತಿರುಗಿಸಿದ ಕೂಡಲೇ ಮೂಗಿಗೆ ಚುರ್ ಅಂತ ವಾಸನೆ ಹೊಡೆಯಿತು. ಫಾರ್ಮಲಿನ್! ಹೆಣ ಕೆಡದ ಹಾಗೆ ಇಡಲು ಬಳಸುವ ದ್ರವ ಅದು. ಅದರಲ್ಲಿ ಬಿದ್ದ ಕೋಶ ಮತ್ತೆ ಬೆಳೆಯುವ ಮಾತೇ ಇಲ್ಲ. ಸಾಕುತಾಯಿ ಬಾಟ್ಲಿ ಹಿಡಿದುಕೊಂಡೇ ಎರಡು ಮಹಡಿ ಇಳಿದು ಬಯಾಪ್ಸಿ ಕೋಣೆಗೆ ನುಗ್ಗಿದಳು.

"ನಾನು ಆಹಾರದ ನೀರು ತುಂಬಿ ಗುಲಾಬಿ ಮುಚ್ಚಳದ ಬಾಟ್ಲಿ ಇಟ್ಟು ಹೋಗಿದ್ನಲ್ಲ ಸಿಸ್ಟರ್, ಅದಕ್ಕೇನಾಯ್ತು?"

ನರ್ಸು ಗಾಬರಿಯಿಂದ ಫ್ರಿಜ್ಜಿನ ಕಡೆ ನೋಡಿದಳು. "ಅದಾ? ಅದರಲ್ಲಿ ಕೆಂಪಗೆ ಏನೋ ಇತ್ತು. ಯಾರೋ ಜ್ಯೂಸ್ ಇಟ್ಟಿದಾರೆ ಅಂದ್ಕೊಂಡೆ."

"ಜ್ಯೂಸಾ!"

"ಬೈಬೇಡಿ ಮೇಡಂ. ಹತ್ತು ವರ್ಷದಿಂದ ಬಯಾಪ್ಸಿ ಅಂದ್ರೆ ಫಾರ್ಮಲಿನ್ನಿಗೇ ಹಾಕ್ತಾ ಬಂದಿದೀನಿ. ಇವತ್ತಿಂದ ಬೇರೆ ಅಂತ ನಂಗೆ ಹೇಳಿದೋರು ಯಾರು?"

ಯಾರೂ ಹೇಳಿರಲಿಲ್ಲ. ಸುತ್ತೋಲೆ ಹೋಗಿತ್ತು, ಆದರೆ ಅದು ಕಂಪ್ಯೂಟರಿನಲ್ಲಿ ಹೋಗಿತ್ತು, ಆ ಕೋಣೆಯ ಕಂಪ್ಯೂಟರು ಕೆಟ್ಟು ತಿಂಗಳಾಗಿತ್ತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅಂತ ತಿಳಿಯದೆ ಸಾಕುತಾಯಿ ಆ ಬಾಟ್ಲಿಗೆ ಒಂದು ಪಟ್ಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ 'ಇದು ಜ್ಯೂಸ್ ಅಲ್ಲ' ಅಂತ ಬರೆದು ಬಂದಳು.

ಇನ್ನೊಂದು ಚೂರು ಬೇಕೆಂದರೆ ರೋಗಿಯನ್ನೇ ಕೇಳಬೇಕು. ಲ್ಯಾಬಿನ ಮುಖ್ಯಸ್ಥರು, "ನೀವೇ ಹೋಗಿ ಕೇಳಿ. ಕೊಟ್ಟರೆ ಕೊಡಲಿ, ಇಲ್ಲದಿದ್ದರೆ ಬಿಡಿ," ಅಂತ ಕೈ ತೊಳೆದುಕೊಂಡರು. ಅವಳು ರೋಗಿಗಳ ಮುಖ ನೋಡಿದ್ದೇ ಕಡಿಮೆ. ಅವಳ ಪಾಲಿಗೆ ಅವರೆಲ್ಲ ನಂಬರುಗಳು.

ಮರುದಿನ ಕಾಯುವ ಹಾಲಿನಲ್ಲಿ ಒಬ್ಬಳು ಸಿಟಿ ಬಸ್ಸಿನ ಸಮವಸ್ತ್ರದಲ್ಲೇ ಕೂತಿದ್ದಳು. ವಯಸ್ಸು ನಲವತ್ತರ ಒಳಗೆ, ಗಟ್ಟಿಮುಟ್ಟು ಆಳು, ತೋಳಿನ ಮೇಲೆ ಬಿಸಿಲಿನ ಗೆರೆ. ಪಕ್ಕದಲ್ಲಿ ಅವಳ ಅಕ್ಕ, ಎರಡು ಚೀಲ, ಒಂದು ಫ್ಲಾಸ್ಕು. ಸಾಕುತಾಯಿ ಸುತ್ತಿ ಬಳಸಿ ಮಾತು ಶುರು ಮಾಡಿದಳು. ಹೊಸ ವಿಧಾನ, ಸಂಶೋಧನೆ, ಮುಂದೆ ಎಷ್ಟೋ ಜನಕ್ಕೆ ಅನುಕೂಲ.

"ಒಂದು ನಿಮಿಷ," ಅಂದಳು ಡ್ರೈವರಮ್ಮ. "ನಿನ್ನೆ ಸೂಜಿ ಹಾಕಿ ತಗೊಂಡ್ರಲ್ಲ, ಅದು ಏನಾಯ್ತು?"

ಸಾಕುತಾಯಿ ಇದ್ದದ್ದನ್ನೇ ಹೇಳಿದಳು. "ಅದನ್ನ ನಾವು ಸಾಯಿಸಿಬಿಟ್ವಿ. ತಪ್ಪು ಬಾಟ್ಲಿಗೆ ಹಾಕಿದ್ರು."

ಅಕ್ಕ ಎದ್ದೇ ನಿಂತಳು. "ನೋಡಿದ್ಯಾ! ಕೇಳಿಸ್ಕೊಂಡ್ಯಾ! ಅದನ್ನೂ ನೆಟ್ಟಗೆ ಇಟ್ಕೊಳ್ಳೋಕೆ ಬರಲ್ಲ ಇವರಿಗೆ. ಎದ್ದೇಳು, ಬೇರೆ ಆಸ್ಪತ್ರೆಗೆ ಹೋಗೋಣ."

"ಅಕ್ಕಾ, ಕೂತ್ಕೋ." ಡ್ರೈವರಮ್ಮ ನಕ್ಕಳು. "ಗಡ್ಡೆ ಸಾಯಿಸೋದು ಕಷ್ಟ ಅಂತ ಮೂರು ದಿನದಿಂದ ಎಲ್ರೂ ಹೇಳ್ತಿದಾರೆ. ಇವರು ನೋಡು, ಬೇಡ ಅಂದ್ರೂ ಸಾಯಿಸಿದಾರೆ." ಆಮೇಲೆ ಸಾಕುತಾಯಿಯ ಕಡೆ ತಿರುಗಿ, "ಸರಿ, ಇನ್ನೊಂದು ಸಲ ಚುಚ್ಚಿಸ್ಕೋತೀನಿ. ಆದ್ರೆ ಅದು ಬೆಳೆದ ಮೇಲೆ ಏನು ಹೇಳ್ತು ಅಂತ ನನಗೂ ಹೇಳ್ಬೇಕು," ಅಂದಳು.

"ಹೇಳೋಣ," ಅಂದುಬಿಟ್ಟಳು ಸಾಕುತಾಯಿ. ಒಪ್ಪಿಗೆ ಪತ್ರದ ಆರನೇ ಪುಟದಲ್ಲಿ ಏನಿದೆ ಅಂತ ಆಗ ಅವಳಿಗೆ ಹೊಳೆಯಲೇ ಇಲ್ಲ. ಡ್ರೈವರಮ್ಮನೂ ಓದದೆ ಸಹಿ ಹಾಕಿದಳು.

ಗುರುವಾರ ಬಂದ ಚೂರು ಅಕ್ಕಿಕಾಳಿನಷ್ಟಿತ್ತು. ಈ ಸಲ ಸಾಕುತಾಯಿ ತಾನೇ ಬಯಾಪ್ಸಿ ಕೋಣೆಯ ಬಾಗಿಲಲ್ಲಿ ನಿಂತು ಇಸಿದುಕೊಂಡು ಬಂದಳು. ಸೋಮವಾರ ಡ್ರೈವರಮ್ಮನ ಚಿಕಿತ್ಸೆಯೂ ಶುರುವಾಯಿತು. ಮೊದಲು ವಾರಕ್ಕೊಂದು ಡೋಸಿನಂತೆ ಹನ್ನೆರಡು ವಾರ ಒಂದು ಔಷಧ. ಆಮೇಲೆ ಕೆಂಪು ಬಣ್ಣದ ಇನ್ನೊಂದು. ಕೊನೆಗೆ ಆಪರೇಷನ್. ಗಡ್ಡೆ ಆಗ ಮೂರೂವರೆ ಸೆಂಟಿಮೀಟರ್ ಇತ್ತು.

ಎಂಟು ದಿನ ತಟ್ಟೆಯಲ್ಲಿ ಏನೂ ಇಲ್ಲ. ಒಂಬತ್ತನೇ ದಿನ ಸೂಕ್ಷ್ಮದರ್ಶಕದಲ್ಲಿ ನಾಲ್ಕಾರು ಕೋಶಗಳು ಒಟ್ಟಿಗೆ ಮುದುರಿಕೊಂಡು ಕೂತಿದ್ದವು. ಹದಿನೈದನೇ ದಿನಕ್ಕೆ ಗುಳಿಗಳ ತುಂಬ ದುಂಡನೆಯ ಉಂಡೆಗಳು. ಸಾಕುತಾಯಿ ಆ ಸಂಜೆ ಮನೆಗೆ ಹೋಗಿ ಅತ್ತೆ ಕೇಳುವ ಮೊದಲೇ, "ಬದುಕಿದೆ ಅತ್ತೆ!" ಅಂದಳು. ಅತ್ತೆ, "ಕ್ಯಾನ್ಸರ್ ಬದುಕಿದ್ದಕ್ಕೆ ಇಷ್ಟು ಖುಷಿಪಡೋಳು ನೀನೊಬ್ಬಳೇ," ಅಂದರು.

ಇಪ್ಪತ್ತಾರನೇ ದಿನಕ್ಕೆ ಫಲಿತಾಂಶ ಕೈಗೆ ಬಂತು. ವಾರದ ಔಷಧ ಹಾಕಿದ ಗುಳಿಗಳಲ್ಲಿ ಮರಿಗಡ್ಡೆಗಳು ಏನೂ ಆಗಿಲ್ಲವೆಂಬಂತೆ ಬೆಳೆಯುತ್ತಿದ್ದವು. ಔಷಧ ಹೆಚ್ಚಿಸಿದರೂ ಅಷ್ಟೇ. ಕೆಂಪು ಔಷಧದ ಗುಳಿಗಳಲ್ಲಿ ಮಾತ್ರ ಉಂಡೆಗಳು ಒಡೆದು ಕಪ್ಪು ಪುಡಿಯಾಗಿದ್ದವು. ಕೈತಪ್ಪಿನಿಂದ ಹೀಗಾಯಿತೋ ಅಂತ ಉಳಿದ ಎರಡು ತಟ್ಟೆಗಳನ್ನೂ ಒಂದೊಂದೇ ಗುಳಿ ಎಣಿಸಿ ನೋಡಿದಳು. ಅದೇ ಉತ್ತರ. ಡ್ರೈವರಮ್ಮನಿಗೆ ಅಷ್ಟರಲ್ಲಿ ನಾಲ್ಕು ಡೋಸ್ ಏರಿತ್ತು.

ಮುಖ್ಯಸ್ಥರು ಹಾಳೆ ನೋಡಿ ಹುಬ್ಬೇರಿಸಿದರು. "ಒಳ್ಳೆ ಫಲಿತಾಂಶ. ಫೈಲಿಗೆ ಹಾಕಿ."

"ಫೈಲಿಗಾ? ಡಾಕ್ಟರಿಗೆ ಹೇಳೋದು ಬೇಡ್ವಾ ಸಾರ್?"

"ಆರನೇ ಪುಟ ಓದಿದೀರಾ? ಅಧ್ಯಯನ ಮುಗಿಯೋ ತನಕ ನಮ್ಮ ಫಲಿತಾಂಶ ಚಿಕಿತ್ಸೆಗೆ ಬಳಸೋ ಹಾಗಿಲ್ಲ. ರೋಗಿಗೂ ಹೇಳೋ ಹಾಗಿಲ್ಲ. ನಮ್ಮ ತಟ್ಟೆ ಸರಿ ಹೇಳುತ್ತೋ ಇಲ್ಲವೋ ಅಂತ ಮೊದಲು ಗೊತ್ತಾಗ್ಬೇಕಲ್ಲ."

"ಗೊತ್ತಾಗೋ ಹೊತ್ತಿಗೆ ಇವರ ಕಥೆ ಏನು ಸಾರ್?"

ಅವರು ತಾವೇ ಹಾಳೆಯನ್ನು ಫೈಲಿಗೆ ಸೇರಿಸಿದರು. ಆದರೆ ಮನುಷ್ಯ ಕೆಟ್ಟವರಲ್ಲ. ಅವಳು ಎರಡು ದಿನ ಹಿಂದೆ ಮುಂದೆ ಸುಳಿದಾಡಿ ಪ್ರಾಣ ತಿಂದ ಮೇಲೆ, ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯ ಕಾರ್ಯದರ್ಶಿಗೆ ಒಂದು ಫೋನ್ ಮಾಡಿ, ಡಾಕ್ಟರಿಗೆ ಮಾತ್ರ ತಿಳಿಸಲು ಅಡ್ಡಿಯಿಲ್ಲ ಅನ್ನಿಸಿಕೊಂಡು, ಅವಳನ್ನು ಕರೆದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದರು.

ದೊಡ್ಡ ಡಾಕ್ಟರು ಅರವತ್ತರ ಹತ್ತಿರದ ಹೆಂಗಸು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಹಾಳೆಯನ್ನು ಪೂರ್ತಿ ಓದಿದರು, ಅದೇ ದೊಡ್ಡದು. ಆಮೇಲೆ ಕನ್ನಡಕ ತೆಗೆದು, "ನೋಡಿ, ಈ ವಾರದ ಔಷಧವನ್ನ ಸಾವಿರಾರು ಹೆಂಗಸರ ಮೇಲೆ ಪರೀಕ್ಷೆ ಮಾಡಿದಾರೆ. ನಿಮ್ಮ ಹತ್ರ ಇರೋದು ಮೂರು ತಟ್ಟೆ. ಗುಳಿಯಲ್ಲಿ ಸತ್ತದ್ದು ಮೈಯಲ್ಲೂ ಸಾಯಬೇಕು ಅಂತ ಏನಿದೆ? ಗುಳಿಯಲ್ಲಿ ರಕ್ತ ಹರಿಯುತ್ತಾ? ಲಿವರ್ ಇದೆಯಾ?" ಅಂದರು.

"ಇಲ್ಲ ಡಾಕ್ಟ್ರೇ. ಆದ್ರೆ—"

"ಹೇಗೂ ಎಂಟು ವಾರ ಆದ ಮೇಲೆ ಕೆಂಪು ಔಷಧ ಕೊಡ್ತೀವಲ್ಲ. ಅದು ಎಲ್ಲಿಗೂ ಓಡಿಹೋಗಲ್ಲ. ನಾಳೆ ನಿಮ್ಮ ಮಾತು ಕೇಳಿ ಬದಲಾಯಿಸಿ, ಅದು ಕೆಲಸ ಮಾಡ್ಲಿಲ್ಲ ಅಂದ್ರೆ ಜನ ಕೇಳೋದು ನನ್ನ. ಆಗ ನಾನು ಏನು ತೋರಿಸ್ಲಿ, ನಿಮ್ಮ ತಟ್ಟೆನಾ?"

ಸಾಕುತಾಯಿಗೆ ಮೈ ಉರಿಯಿತು. ಹೆಚ್ಚು ಉರಿದದ್ದು ಡಾಕ್ಟರು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲವಲ್ಲ, ಅದಕ್ಕೆ. ಮೊಂಡು ಹಿಡಿದವರ ಜೊತೆ ಜಗಳವಾಡಬಹುದು. ಯೋಚನೆ ಮಾಡಿ ಬೇಡ ಅಂದವರ ಜೊತೆ ಏನು ಮಾಡುವುದು? ಫಲಿತಾಂಶವನ್ನು ರೋಗಿಗೂ ತಿಳಿಸಲು ಬಿಡಿ ಅಂತ ಸಮಿತಿಗೆ ಲಿಖಿತವಾಗಿ ಅರ್ಜಿ ಕೊಟ್ಟಳು. ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಹತ್ತು ದಿನದ ಮೇಲೆ ಅರ್ಜಿ ವಾಪಸ್ ಬಂತು. ನಿಗದಿತ ನಮೂನೆಯಲ್ಲಿಲ್ಲವಂತೆ.

ಆರನೇ ಡೋಸಿನ ದಿನ ಕ್ಯಾಂಟೀನಿನ ಸಾಲಿನಲ್ಲಿ ಯಾರೋ ಭುಜ ತಟ್ಟಿದರು. ತಲೆಗೆ ಟೋಪಿ, ಹುಬ್ಬು ಉದುರಿದ ಮುಖ. ಗುರುತು ಸಿಗಲು ಒಂದು ಕ್ಷಣ ಬೇಕಾಯಿತು.

"ನನ್ನ ಮರಿಗಳು ಹೇಗಿವೆ ಮೇಡಂ?" ಅಂದಳು ಡ್ರೈವರಮ್ಮ.

ಸಾಕುತಾಯಿ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು. "ಚೆನ್ನಾಗಿ ಬೆಳೀತಿವೆ," ಅಂದಳು.

"ಏನಾದ್ರೂ ಹೇಳಿದ್ವಾ?"

"ಇನ್ನೂ ಅಧ್ಯಯನ ನಡೀತಿದೆ."

"ಸರಿ ಬಿಡಿ, ಅವಸರ ಇಲ್ಲ." ಡ್ರೈವರಮ್ಮ ಕಾಲು ಎತ್ತಿ ನೆಲಕ್ಕೆ ಎರಡು ಸಲ ಕುಟ್ಟಿದಳು. "ಕಾಲ್ಬೆರಳಲ್ಲಿ ಇರುವೆ ಹರಿದ ಹಾಗಾಗುತ್ತೆ. ಚಪ್ಪಲಿ ಕಳಚಿಬಿದ್ರೂ ಗೊತ್ತಾಗಲ್ಲ. ಡೋಸ್ ಸ್ವಲ್ಪ ಕಡಿಮೆ ಮಾಡಿದಾರೆ. ಆಗುತ್ತಂತೆ, ಎಲ್ರಿಗೂ."

ಟೀ ತೆಗೆದುಕೊಳ್ಳದೆಯೇ ಸಾಕುತಾಯಿ ಸಾಲಿನಿಂದ ಹೊರಬಂದಳು. ಆ ಸಂಜೆ ಅತ್ತೆಯ ಮುಂದೆ ಎಲ್ಲ ಹೇಳಿಕೊಂಡಳು.

"ಅಂದ್ರೆ ಸುಳ್ಳು ಹೇಳಿ ಬಂದೆ," ಅಂದರು ಅತ್ತೆ.

"ಸುಳ್ಳಲ್ಲ ಅತ್ತೆ. ಬೆಳೀತಿರೋದು ನಿಜ ತಾನೇ."

"ಹಾಗಾದ್ರೆ ಇನ್ನೂ ಕೆಟ್ಟದ್ದು. ಸುಳ್ಳಾಗಿದ್ರೆ ಸಿಕ್ಕಿಬೀಳ್ತೀನಿ ಅಂತ ಭಯನಾದ್ರೂ ಇರ್ತಿತ್ತು ನಿಂಗೆ."

ಅವಳಿಗೆ ಅತ್ತೆಯ ಮೇಲೂ ಸಿಟ್ಟು ಬಂತು. ಸಹಿ ಹಾಕಿದ ಕಾಗದ, ಕೆಲಸ, ಉಳಿದ ನೂರಾರು ರೋಗಿಗಳ ಅಧ್ಯಯನ ಹಾಳಾಗಬಾರದೆಂಬ ಯೋಚನೆ, ಇದನ್ನೆಲ್ಲ ಹೇಳಿ ವಾದ ಮಾಡಬಹುದಿತ್ತು. ಮಾಡಲಿಲ್ಲ. ಊಟದ ತಟ್ಟೆ ಸರಿಸಿ ಎದ್ದುಹೋದಳು.

ಒಂಬತ್ತು ಡೋಸ್ ಆದ ಮೇಲೆ ಸ್ಕ್ಯಾನ್ ಮಾಡಿದರು. ಮೂರೂವರೆ ಸೆಂಟಿಮೀಟರ್ ಇದ್ದ ಗಡ್ಡೆ ಐದಾಗಿತ್ತು. ದೊಡ್ಡ ಡಾಕ್ಟರು ಅವತ್ತೇ ವಾರದ ಔಷಧ ನಿಲ್ಲಿಸಿ ಕೆಂಪು ಔಷಧ ಬರೆದರು. ಎರಡನೇ ಸುತ್ತಿಗೆ ಗಡ್ಡೆ ಕರಗಲು ಶುರುವಾಯಿತು, ನಾಲ್ಕನೇ ಸುತ್ತಿಗೆ ಕೈಗೆ ಸಿಗದಷ್ಟಾಯಿತು. ಆಪರೇಷನ್ ಚೆನ್ನಾಗಿಯೇ ಆಯಿತು.

ಅದಾದ ವಾರ ದೊಡ್ಡ ಡಾಕ್ಟರು ತಾವೇ ಮೂರನೇ ಮಹಡಿಗೆ ಬಂದರು. ಎಂದೂ ಬಂದವರಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿ, "ನಿಮ್ಮ ತಟ್ಟೆ ಸರಿ ಹೇಳಿತ್ತು," ಅಂದರು. "ಒಂದು ಸಲ ಸರಿ ಹೇಳಿದ್ದಕ್ಕೆ ಪ್ರತಿ ಸಲ ಸರಿ ಹೇಳುತ್ತೆ ಅಂತಲ್ಲ. ಆದ್ರೂ... ಮುಂದಿನದು ಬಂದಾಗ ನನಗೆ ತೋರಿಸಿ."

ಲ್ಯಾಬಿನವರೆಲ್ಲ ಸಾಕುತಾಯಿಯ ಬೆನ್ನು ತಟ್ಟಿದರು. ಅವಳಿಗೆ ಗೆದ್ದೆ ಅಂತ ಅನ್ನಿಸಲೇ ಇಲ್ಲ.

ಯಾಕೆ ಅಂತ ಮೂರು ತಿಂಗಳ ಮೇಲೆ ತಿಳಿಯಿತು. ಅಕ್ಕ ಔಷಧದ ಚೀಟಿ ಹಿಡಿದು ಬಂದವಳು ಲಿಫ್ಟಿನ ಹತ್ತಿರ ಸಿಕ್ಕಳು. "ರೋಗ ಹೋಯ್ತು, ಕೆಲಸಾನೂ ಹೋಯ್ತು," ಅಂದಳು. ವಾರದ ಔಷಧದಿಂದ ಡ್ರೈವರಮ್ಮನ ಪಾದಗಳಿಗೆ ಹಿಡಿದ ಜೋಮು ಇಳಿದಿರಲಿಲ್ಲ. ಬಸ್ ಡಿಪೋದ ವೈದ್ಯಪರೀಕ್ಷೆಯಲ್ಲಿ ಕಣ್ಣು ಮುಚ್ಚಿಸಿ ಪಾದಕ್ಕೆ ಕಡ್ಡಿ ತಾಗಿಸಿದರೆ ಎಲ್ಲಿ ತಾಗಿತು ಅಂತ ಹೇಳಲಾಗಲಿಲ್ಲ. ಬ್ರೇಕ್ ಎಷ್ಟು ಒತ್ತಿದೆ ಅಂತ ತಿಳಿಯದವರ ಕೈಗೆ ಅರವತ್ತು ಜನರಿರುವ ಬಸ್ ಕೊಡುವವರು ಯಾರು? ಅವಳನ್ನು ವೇಳಾಪಟ್ಟಿ ಬರೆಯುವ ಕೋಣೆಗೆ ಹಾಕಿದ್ದರು.

ಮರುದಿನ ಮಧ್ಯಾಹ್ನ ಸಾಕುತಾಯಿ ಅರ್ಧ ದಿನ ರಜೆ ಹಾಕಿ ಡಿಪೋಗೆ ಹೋದಳು. ಡೀಸೆಲ್ ವಾಸನೆಯ ಅಂಗಳ ದಾಟಿ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಕಿರಿದಾದ ಕೋಣೆ. ಕಿಟಕಿಯ ಕೆಳಗೆ ಬಸ್ಸುಗಳು ಹಿಂದಕ್ಕೆ ಮುಂದಕ್ಕೆ ತಿರುಗುತ್ತಿದ್ದವು. ಡ್ರೈವರಮ್ಮನ ತಲೆಯಲ್ಲಿ ಗಿಡ್ಡ ಕೂದಲು ಬಂದಿತ್ತು. ನೋಡಿದವಳೇ ಮುಖ ಅರಳಿಸಿ ಕುರ್ಚಿ ಎಳೆದಳು. ಸಾಕುತಾಯಿ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದಳು.

ಡ್ರೈವರಮ್ಮ ಬರೆಯುತ್ತಿದ್ದ ಪೆನ್ನು ಹಿಡಿದೇ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು. "ನಿಮಗೆ ಗೊತ್ತಾದಾಗ ನಂದು ಎಷ್ಟು ಡೋಸ್ ಆಗಿತ್ತು?"

"ನಾಲ್ಕು."

"ಒಟ್ಟು ಒಂಬತ್ತು ಹಾಕಿದ್ರು. ಕಾಲು ಜೋಮು ಹಿಡಿದದ್ದು ಐದನೇದರ ಮೇಲೆ." ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು. "ಕ್ಯಾಂಟೀನಲ್ಲಿ ಕೇಳಿದ್ನಲ್ಲ ನಾನು. ಬಾಯಿಬಿಟ್ಟು ಕೇಳಿದ್ನಲ್ಲ."

"ಹೇಳೋ ಹಾಗಿರಲಿಲ್ಲ..."

"ನನ್ನ ಎದೆಯಿಂದ ತೆಗೆದದ್ದು ಅದು! ನಿಮ್ಮ ಸಾಹೇಬರಿಗೆ ಗೊತ್ತು, ಡಾಕ್ಟ್ರಿಗೆ ಗೊತ್ತು, ನಿಮ್ಮ ಅತ್ತೆಗೂ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ. ಗೊತ್ತಿದ್ರೆ ನಾನೇ ಡಾಕ್ಟ್ರ ಹತ್ರ ಜಗಳ ಆಡ್ತಿದ್ದೆ. ಸೋಲ್ತಿದ್ನೋ ಗೆಲ್ತಿದ್ನೋ, ಆಡ್ತಿದ್ದೆ." ಅವಳು ವೇಳಾಪಟ್ಟಿಯ ಹಾಳೆ ಹತ್ತಿರಕ್ಕೆ ಎಳೆದುಕೊಂಡಳು. "ಹೋಗಿ ಮೇಡಂ. ನನಗೆ ಕೆಲಸ ಇದೆ."

ಸಾಕುತಾಯಿ ಹೋದಳು. ಕ್ಷಮಿಸಿ ಅಂತ ಹೇಳಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ.

ಹದಿನೈದು ದಿನ ಬಿಟ್ಟು ಲ್ಯಾಬಿಗೆ ಡ್ರೈವರಮ್ಮನ ಫೋನ್ ಬಂತು. ಹಲೋ ಇಲ್ಲ, ಏನಿಲ್ಲ. "ಆ ಆರನೇ ಪುಟ ಬೇಕು ನನಗೆ. ಮತ್ತೆ ಆ ಸಮಿತಿ ಸೇರೋದು ಯಾವತ್ತು?"

ಸಮಿತಿಯ ಮುಂದೆ ಡ್ರೈವರಮ್ಮ ಊರುಗೋಲು ಹಿಡಿದು ಬಂದಳು. ಎಂಟು ಜನ ಉದ್ದ ಮೇಜಿನ ಸುತ್ತ ಕೂತಿದ್ದರು. ಅವಳು ಹತ್ತು ನಿಮಿಷ ಮಾತಾಡಿದಳು, ದನಿ ಏರಿಸದೆ. ಸಾಕುತಾಯಿ ಮೂಲೆಯಲ್ಲಿ ಕೂತು ಬಾಯಿಬಿಡಲಿಲ್ಲ. ಮುಖ್ಯಸ್ಥರು ಮೊದಲೇ ಸುಮ್ಮನಿರಲು ಹೇಳಿದ್ದರು. ತೀರ್ಮಾನ ಬಂತು: ಇನ್ನು ಮುಂದೆ ಫಲಿತಾಂಶವನ್ನು ತಕ್ಷಣ ಡಾಕ್ಟರಿಗೆ ತಿಳಿಸಬೇಕು, ರೋಗಿಗೆ ತಿಳಿಸುವುದು ಬೇಡ, ಸುಮ್ಮನೆ ಗಾಬರಿಯಾಗುತ್ತದೆ.

ಹೊರಗೆ ಬಂದ ಡ್ರೈವರಮ್ಮ ಗೋಡೆಗೆ ಒರಗಿ ನಿಂತಳು. "ಗಾಬರಿಯಂತೆ! ಪೇಟೆ ಬೀದಿಯಲ್ಲಿ ಹದಿನಾಲ್ಕು ವರ್ಷ ಬಸ್ ಓಡಿಸಿದೋಳು ನಾನು. ಗಾಬರಿಯಂತೆ!" ಆಮೇಲೆ ಸಾಕುತಾಯಿಯನ್ನು ನೋಡಿ, "ನೀವ್ಯಾಕೆ ಒಳಗೆ ಕಲ್ಲಿನ ಹಾಗೆ ಕೂತಿದ್ರಿ? ಮುಂದಿನ ಸಲ ನೀವು ಮಾತಾಡ್ಬೇಕು. ಇಲ್ಲದಿದ್ರೆ ಬರ್ಲೇಬೇಡಿ," ಅಂದಳು.

ಮುಂದಿನ ಸಲ ಸಾಕುತಾಯಿ ಮಾತಾಡಿದಳು. ನಾಲಿಗೆ ತಡವರಿಸಿತು, ಎರಡು ಕಡೆ ಅಂಕಿ ತಪ್ಪಿತು, ಮುಖ್ಯಸ್ಥರು ನೆಲ ನೋಡುತ್ತ ಕೂತಿದ್ದರು. ಆದರೆ ಕ್ಯಾಂಟೀನಿನ ಸಾಲಿನಲ್ಲಿ ತಾನು ಏನು ಉತ್ತರ ಕೊಟ್ಟೆ ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ದೊಡ್ಡ ಡಾಕ್ಟರು ಕೂಡ ಒಂದು ಪತ್ರ ಕಳಿಸಿದ್ದರು. ಸಮಿತಿ ಒಂದೂವರೆ ಗಂಟೆ ಚರ್ಚಿಸಿ ಆರನೇ ಪುಟಕ್ಕೆ ಒಂದು ಸಾಲು ಸೇರಿಸಿತು: ರೋಗಿ ತಾನಾಗಿ ಕೇಳಿದಲ್ಲಿ ಫಲಿತಾಂಶವನ್ನು ತಿಳಿಸಬಹುದು.

"ತಾನಾಗಿ ಕೇಳಿದಲ್ಲಿ!" ಸಾಕುತಾಯಿ ಮೆಟ್ಟಿಲ ಮೇಲೆ ನಿಂತು ತಲೆ ಚಚ್ಚಿಕೊಂಡಳು. "ಆರನೇ ಪುಟ ಯಾರು ಓದ್ತಾರೆ? ಕೇಳಬಹುದು ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು? ನಾವು ಹೇಳೋ ಹಾಗಿಲ್ಲವಂತೆ!"

"ನೀವು ಹೇಳೋ ಹಾಗಿಲ್ಲ," ಅಂದಳು ಡ್ರೈವರಮ್ಮ. "ನನಗೆ ಹೇಳಬೇಡ ಅಂತ ಯಾವ ಪುಟದಲ್ಲೂ ಬರೆದಿಲ್ಲ."

ಗುರುವಾರ ಅವಳ ವಾರದ ರಜೆ. ಆ ವಾರದಿಂದ ಅವಳು ಗುರುವಾರ ಬೆಳಿಗ್ಗೆ ಕಾಯುವ ಹಾಲಿಗೆ ಬಂದು, ಬಯಾಪ್ಸಿಗೆ ಬಂದ ಹೆಂಗಸರ ಪಕ್ಕ ಕೂತು, "ಅವರು ಒಂದು ಚೂರು ಮೇಲಕ್ಕೆ ಕಳಿಸ್ತಾರೆ. ಒಂದು ತಿಂಗಳು ಬಿಟ್ಟು, ಏನಾಯ್ತು ಅಂತ ನೀವೇ ಕೇಳಿ. ಮರೀಬೇಡಿ," ಅನ್ನತೊಡಗಿದಳು. ಕೆಲವರು ಮುಖ ತಿರುಗಿಸಿದರು. ಕೆಲವರು ಚೀಟಿಯ ಹಿಂದೆ ಬರೆದುಕೊಂಡರು. ಕಾವಲುಗಾರ ಎರಡು ಸಲ ಎಬ್ಬಿಸಿದ, ಅವಳು ಎರಡು ಸಲವೂ ಕುರ್ಚಿ ಬದಲಾಯಿಸಿ ಕೂತಳು.

ಐದನೇ ವಾರ ಮೂರನೇ ಮಹಡಿಯ ಲ್ಯಾಬಿನ ಬಾಗಿಲು ಯಾರೋ ತಟ್ಟಿದರು. ಸಾಕುತಾಯಿ ಕೈಗವಸು ಕಳಚಿ ಬಾಗಿಲು ತೆಗೆದಳು. ಗುರುತಿಲ್ಲದ ಒಬ್ಬ ಮುದುಕಿ, ಕೈಯಲ್ಲಿ ಮಡಿಸಿದ ಚೀಟಿ.

"ನನ್ನದು ಏನೋ ಇಲ್ಲಿ ಬೆಳೀತಿದೆಯಂತೆ," ಅಂದಳು ಮುದುಕಿ. "ಅದು ಏನು ಹೇಳ್ತು ಅಂತ ಕೇಳೋಕೆ ಬಂದೆ."

ಸಾಕುತಾಯಿ ಅವಳಿಗೆ ಕುರ್ಚಿ ಕೊಟ್ಟು, ಹಾಳೆ ತಂದು, ಮೊದಲನೇ ಸಾಲಿನಿಂದ ಓದಿ ಹೇಳತೊಡಗಿದಳು. ಫಲಿತಾಂಶ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ಒಂದು ಸಾಲನ್ನೂ ಬಿಡದೆ ಓದಿದಳು.